ಮಾಮೂಲು ಕೊಡದೆ ರಿಗ್ ನಡೆಸಿದ್ದು

ಹದಿಮೂರು ತಿಂಗಳು. ಸಮುದ್ರದಲ್ಲಿ ಕಾಲೂರಿ ನಿಂತು ತೈಲಬಾವಿ ಕೊರೆಯುವ ಒಂದು ಜ್ಯಾಕ್‌ಅಪ್ ರಿಗ್, ಮೂರು ಪೂರೈಕೆ ಹಡಗು, ಇನ್ನೂರಕ್ಕೂ ಹೆಚ್ಚು ಸಲ ಬಂದರು ಪ್ರವೇಶ. ಇಷ್ಟರಲ್ಲಿ ರಸೀದಿ ಇಲ್ಲದೆ ಒಂದು ಡಾಲರ್ ಕೂಡ ಹೊರಗೆ ಹೋಗಲಿಲ್ಲ. ಮುಂಬೈಯಲ್ಲಿ ಹಳೆಯ ಸಹೋದ್ಯೋಗಿಗಳು ಸೇರಿದ್ದಾಗ ಈ ಮಾತು ಹೇಳಿದೆ. ಅಲ್ಲಿದ್ದವರೆಲ್ಲ ಇಪ್ಪತ್ತು ಮೂವತ್ತು ವರ್ಷ ಉಪ್ಪುನೀರಿನಲ್ಲಿ ಕಳೆದವರು. ಒಬ್ಬರೂ ನಂಬಲಿಲ್ಲ. "ಪಶ್ಚಿಮ ಆಫ್ರಿಕಾದಲ್ಲಿ ಮಾಮೂಲಿಲ್ಲದೆ ಕೆಲಸವೇ? ನಿಮಗೆ ತಿಳಿಯದ ಹಾಗೆ ಏಜೆಂಟ್ ಕೊಟ್ಟಿರುತ್ತಾನೆ ರಾಯರೇ" ಎಂದರು. ಅವರ ಅನುಮಾನ ಸರಿಯಾದದ್ದೇ. ಮೊದಲ ವರ್ಷ ಹಾಗೆಯೇ ಆಗಿತ್ತು. ಅದನ್ನು ಹೇಗೆ ನಿಲ್ಲಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತೇನೆ. ಅಂಕಿಗಳು ನೆನಪಿನಿಂದ ಬಂದವು, ಸ್ವಲ್ಪ ಆಚೀಚೆ ಇದ್ದಾವು.

ನಾನು ಆಗ ದಡದ ನೆಲೆಯಲ್ಲಿ ಸರಕಿನ ಉಸ್ತುವಾರಿ. ಕಂಪನಿ, ದೇಶ, ಬಂದರು ಯಾವುದರ ಹೆಸರೂ ಬೇಡ. ಪ್ರಧಾನ ಕಚೇರಿ ಲಂಡನ್‌ನಲ್ಲಿತ್ತು ಎಂದರೆ ಕಸುಬಿನವರಿಗೆ ಉಳಿದದ್ದು ಅರ್ಥವಾಗುತ್ತದೆ. 2011ರ ಜುಲೈ 1ರಂದು ಬ್ರಿಟನ್ನಿನ ಲಂಚ ಕಾಯಿದೆ ಜಾರಿಗೆ ಬಂತು. ದಿನನಿತ್ಯದ ಕೆಲಸ ಬೇಗ ಆಗಲೆಂದು ಕೊಡುವ ಸಣ್ಣ ಹಣಕ್ಕೆ ಅಮೆರಿಕದ 1977ರ ಕಾಯಿದೆ ಒಂದು ಕಿಂಡಿ ಬಿಟ್ಟಿತ್ತು. ಬ್ರಿಟನ್ನಿನ ಕಾಯಿದೆ ಅಂಥ ಕಿಂಡಿಯನ್ನೇ ಬಿಡಲಿಲ್ಲ. ಅದಕ್ಕೂ ಮೊದಲು, 2010ರ ನವೆಂಬರ್‌ನಲ್ಲಿ, ಸರಕು ಸಾಗಣೆಯ ಪ್ಯಾನಾಲ್ಪಿನಾ ಮತ್ತು ತೈಲ ವಲಯದ ಇನ್ನೂ ಆರು ಕಂಪನಿಗಳು ಸೇರಿ ಅಮೆರಿಕದಲ್ಲಿ 23 ಕೋಟಿ ಡಾಲರ್‌ಗೂ ಹೆಚ್ಚು ದಂಡ ತೆತ್ತಿದ್ದವು. ಆ ಪ್ರಕರಣದ ಕಾಗದಗಳನ್ನು ಎಡಕ್ಕೆ, ಬಂದರಿನಲ್ಲಿ ನಮ್ಮ ಹಡಗು, ಸರಕು ಬಿಡಿಸಿಕೊಡುತ್ತಿದ್ದ ಏಜೆಂಟನ ಬಿಲ್ಲುಗಳನ್ನು ಬಲಕ್ಕೆ ಇಟ್ಟುಕೊಂಡು ಒಂದು ರಾತ್ರಿ ಕುಳಿತೆ. ಅಲ್ಲಿ ಲಂಚಕ್ಕೆ ಹೊದಿಸಿದ್ದ "ಸ್ಥಳೀಯ ಪ್ರಕ್ರಿಯೆ ಶುಲ್ಕ"ದಂಥ ಹೆಸರುಗಳೇ ನಮ್ಮ ಬಿಲ್ಲುಗಳಲ್ಲೂ ಇದ್ದವು. ಮೂರು ತಿಂಗಳ ಮೊತ್ತ ಏಳು ಲಕ್ಷ ಡಾಲರ್. ಅದರಲ್ಲಿ ರಸೀದಿ ಇಲ್ಲದ್ದು ಅರವತ್ತು ಸಾವಿರದ ಆಸುಪಾಸು. ಪ್ರತಿ ಬಿಲ್ಲಿನ ಕೆಳಗೂ ನನ್ನ ಸಹಿ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು: ನೇರವಾಗಿ "ಇಲ್ಲ" ಎಂದೆ. ಕೇಸಿಂಗ್ ಪೈಪು (ಬಾವಿಯ ಗೋಡೆ ಕುಸಿಯದಂತೆ ಇಳಿಸುವ ಪೈಪು) ಹೊತ್ತ ಹಡಗು ಲಂಗರು ಹಾಕಿ ನಿಂತಿತು. ತಪಾಸಣೆಗೆ ಯಾರೂ ಬರಲಿಲ್ಲ. ಒಂದು ದಿನ ಅಧಿಕಾರಿ ಇಲ್ಲ, ಮರುದಿನ ಮೊಹರು ಇಲ್ಲ, ಮೂರನೆಯ ದಿನ ಸರಕಿನ ಪಟ್ಟಿಯಾದ ಮ್ಯಾನಿಫೆಸ್ಟಿನಲ್ಲಿ ಅಕ್ಷರದೋಷ. ಹೀಗೆ ಹನ್ನೊಂದು ದಿನ. ಹಡಗಿನ ದಿನದ ಬಾಡಿಗೆ ಹದಿನಾಲ್ಕು ಸಾವಿರ ಡಾಲರ್. ಕೊನೆಯ ಎರಡು ದಿನ ಪೈಪಿಲ್ಲದೆ ರಿಗ್ ಕೂಡ ನಿಂತಿತು, ಅದರದು ದಿನಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ. ಅವರು ಕೇಳಿದ್ದು ಮೂರು ಸಾವಿರ, ನಾನು ಕಳೆದದ್ದು ನಾಲ್ಕು ಲಕ್ಷದ ಹತ್ತಿರ. ಕಾರ್ಯಾಚರಣೆ ವಿಭಾಗದ ಮುಖ್ಯಸ್ಥರು ಆ ಎರಡು ಅಂಕಿಗಳನ್ನು ಸಭೆಯ ಬಿಳಿ ಹಲಗೆಯ ಮೇಲೆ ಬರೆದು, ವಾರವಿಡೀ ಅಳಿಸಲು ಬಿಡಲಿಲ್ಲ. ನನಗೆ ನಿಜವಾಗಿ ಉರಿದದ್ದು ಮೂರು ವಾರದ ನಂತರ. ಹನ್ನೊಂದನೆಯ ದಿನ ಹಡಗು ಬಿಟ್ಟದ್ದು ನನ್ನ ಹಟಕ್ಕಲ್ಲ. ಏಜೆಂಟ್ ಸದ್ದಿಲ್ಲದೆ ಹಣ ಕೊಟ್ಟು, ಅದನ್ನು ಲಾರಿ ಬಾಡಿಗೆಯಲ್ಲಿ ಸೇರಿಸಿ ನಮ್ಮಿಂದಲೇ ವಸೂಲು ಮಾಡಿದ್ದ.

ಆಮೇಲೆ ಉಗ್ರಾಣದಲ್ಲಿದ್ದ ಕಾರವಾರದ ಹುಡುಗನೊಬ್ಬನನ್ನು ಜೊತೆಗೆ ಕೂರಿಸಿಕೊಂಡು, ಹಿಂದಿನ ನಲವತ್ತು ಚಿಲ್ಲರೆ ಪ್ರವೇಶಗಳ ಪಟ್ಟಿ ಮಾಡಿದೆ. ಸರಕು ಏನು, ರಿಗ್ಗಿಗೆ ಅದು ಎಂದು ಬೇಕಿತ್ತು, ಎಷ್ಟು ಕೇಳಿದರು. ಅರ್ಧ ಪಟ್ಟಿ ತುಂಬುವಷ್ಟರಲ್ಲಿ ಅವನೇ ಹೇಳಿದ: "ಅಣ್ಣಾ, ನಾಳೆಯೇ ಬೇಕಾದ ಸರಕಿಗೆ ಮೂರು ಸಾವಿರ. ಎರಡು ವಾರ ಬಿಟ್ಟು ಬೇಕಾದದ್ದಕ್ಕೆ ಇನ್ನೂರೂ ಇಲ್ಲ." ನೋಡಿದರೆ ಹೌದು. ಬೆಲೆ ಕಟ್ಟುತ್ತಿದ್ದದ್ದು ನಮ್ಮ ಅವಸರಕ್ಕೆ. ಅವಸರ ಅವರಿಗೆ ತಿಳಿಯುತ್ತಿದ್ದದ್ದು ನಮ್ಮದೇ ಇಮೇಲ್‌ಗಳಿಂದ. "ತುರ್ತು", "ಅತಿ ತುರ್ತು" ಎಂದು ನಾವು ಏಜೆಂಟನಿಗೆ ಬರೆದದ್ದು ಸಂಜೆಯೊಳಗೆ ಬಂದರಿನ ಕಚೇರಿ ಸೇರುತ್ತಿತ್ತು.

ಆದ್ದರಿಂದ ಮಾಡಬೇಕಾದ ಕೆಲಸ ಎರಡೇ: ಸಮಯ ಕೊಂಡುಕೊಳ್ಳುವುದು, ಬಾಯಿ ಮುಚ್ಚಿಕೊಳ್ಳುವುದು. ಕೇಸಿಂಗ್, ಕೊರೆಯುವಾಗ ಬಾವಿಗೆ ಹಾಯಿಸುವ ಕೆಸರಿನ ರಾಸಾಯನಿಕ, ಪಂಪಿನ ಬಿಡಿಭಾಗ ಎಲ್ಲವನ್ನೂ ಇಪ್ಪತ್ತೊಂದು ದಿನಕ್ಕೆ ಆಗುವಷ್ಟು ದಡದಲ್ಲಿ ಕೂಡಿಟ್ಟೆ. ಒಂಬತ್ತು ಲಕ್ಷ ಡಾಲರ್ ಸರಕು ಸುಮ್ಮನೆ ಬಿದ್ದಿದೆ ಎಂದು ಹಣಕಾಸು ವಿಭಾಗ ಕೂಗಾಡಿತು. ಅದರ ಬಡ್ಡಿಯನ್ನೂ ಹನ್ನೊಂದು ದಿನದ ನಷ್ಟವನ್ನೂ ಒಂದೇ ಹಾಳೆಯಲ್ಲಿ ಬರೆದು ಕಳುಹಿಸಿದೆ. ಮತ್ತೆ ಕೇಳಲಿಲ್ಲ. ಏಜೆಂಟನಿಗೆ ಹೋಗುವ ಯಾವ ಕಾಗದದಲ್ಲೂ ಸರಕು ಬೇಕಾದ ದಿನಾಂಕ ಇರಬಾರದು ಎಂದು ನಿಯಮ ಮಾಡಿದೆ. ಹಳೆಯ ಏಜೆಂಟನನ್ನು ಬಿಡಿಸಿ, ಹೊಸಬನ ಕರಾರಿನಲ್ಲಿ ಸರ್ಕಾರಿ ರಸೀದಿ ಇಲ್ಲದ ಯಾವ ಖರ್ಚನ್ನೂ ಕೊಡುವುದಿಲ್ಲ, ಲಾರಿ ಬಾಡಿಗೆಗೂ ಲಾರಿಯ ನಂಬರು ಬೇಕು ಎಂದು ಬರೆಸಿದೆ. ಬಿಲ್ಲು ಸುಳ್ಳು ಹೇಳುತ್ತಿದೆಯೇ ಎಂದು ಪತ್ತೆ ಮಾಡಲು ಇನ್ನೊಂದು ದಾರಿ ಇದೆ. ಅದನ್ನು ನಮ್ಮ ಹುಡುಗರು ಈಗಲೂ ಬಳಸುತ್ತಿದ್ದಾರೆ, ಇಲ್ಲಿ ಬರೆಯಲಾರೆ.

ಇಲ್ಲೊಂದು ಪ್ರಯೋಗ ಕೈಕೊಟ್ಟಿತು. ಬೇಗ ಬಿಡಿಸಿದರೆ ಹೆಚ್ಚು ಹಣ ಎಂದು ಏಜೆಂಟನಿಗೆ ಬೋನಸ್ ಇಟ್ಟೆ, ಎರಡು ದಿನದೊಳಗೆ ಬಿಟ್ಟರೆ ಎರಡು ಸಾವಿರ. ಮೊದಲ ತಿಂಗಳು ಎಲ್ಲ ಹಡಗೂ ಎರಡು ದಿನದೊಳಗೆ ಬಿಟ್ಟವು, ನಾನು ಹಿಗ್ಗಿದೆ. ಎರಡನೆಯ ತಿಂಗಳು ತಿಳಿಯಿತು: ಆ ಬೋನಸ್ಸಿನ ಅರ್ಧ ಬಂದರಿನೊಳಗೆ ಹಂಚಿಹೋಗುತ್ತಿತ್ತು. ಬೇಗ ಮಾಡಿದ್ದಕ್ಕೆ ಹಣ ಕೊಡುವುದೆಂದರೆ ಲಂಚಕ್ಕೆ ಬಂಡವಾಳ ಕೊಟ್ಟಂತೆ. ಆ ಕರಾರು ಹರಿದುಹಾಕಿದೆ. ಅದರ ಬದಲು, ತಪ್ಪಿಲ್ಲದೆ ಸಲ್ಲಿಸಿದ ಪ್ರತಿ ಕಡತಕ್ಕೆ ನೂರೈವತ್ತು ಡಾಲರ್ ಇಟ್ಟೆ. ಅಕ್ಷರದೋಷದ ನೆಪ ಮೂರು ತಿಂಗಳಲ್ಲಿ ನಿಂತಿತು.

ರಿಗ್ಗಿನ ಪರವಾನಗಿಯದು ದೊಡ್ಡ ಕಥೆ. ನೈಜೀರಿಯಾದ ವ್ಯವಸ್ಥೆ ನಮ್ಮವರಿಗೆ ಗೊತ್ತು: ಸುಂಕ ಕಟ್ಟದೆ ರಿಗ್ ಇಟ್ಟುಕೊಳ್ಳಲು ತಾತ್ಕಾಲಿಕ ಆಮದು ಪರವಾನಗಿ, ಅವಧಿ ಮತ್ತು ವಿಸ್ತರಣೆಗಳು ಮುಗಿದರೆ ರಿಗ್ ದೇಶ ಬಿಟ್ಟು ಹೊರಗೆ ಹೋಗಿ ಹೊಸ ಪರವಾನಗಿಯೊಂದಿಗೆ ಮರಳಬೇಕು. 2010ರ ಪ್ರಕರಣಗಳಲ್ಲಿ ಕೆಲವದರ ತಿರುಳು ಇದೇ. ರಿಗ್ ಇದ್ದಲ್ಲೇ ಇತ್ತು. ಹೋಗಿ ಬಂತೆಂದು ಸುಳ್ಳು ಕಾಗದ ಹುಟ್ಟಿಸಿ ಮೊಹರು ಹಾಕಿಸಿದ್ದರು. ನಾವಿದ್ದ ದೇಶದಲ್ಲೂ ನಿಯಮ ಹೆಚ್ಚುಕಡಿಮೆ ಹಾಗೆಯೇ ಇತ್ತು. ಒಬ್ಬ ದಲ್ಲಾಳಿ ನನ್ನ ಮೇಜಿನ ಎದುರು ಕುಳಿತು ಮೆಲ್ಲಗೆ ಹೇಳಿದ: "ರಿಗ್ ಅಲ್ಲಾಡಬೇಕಿಲ್ಲ ಸಾರ್, ಕಾಗದ ಅಲ್ಲಾಡಿದರೆ ಸಾಕು." ಒಂದೂವರೆ ಲಕ್ಷ ಡಾಲರ್ ಕೇಳಿದ. ರಿಗ್ಗನ್ನು ನಿಜವಾಗಿ ಎಳೆದೊಯ್ದು ತರಲು ಟಗ್ಗು (ಎಳೆಯುವ ಹಡಗು), ವಿಮೆ, ಕಳೆದುಹೋಗುವ ದಿನಗಳು ಸೇರಿ ಹನ್ನೊಂದು ಹನ್ನೆರಡು ಲಕ್ಷ. ನಾನು ಹದಿನಾಲ್ಕು ತಿಂಗಳ ಮೊದಲೇ ಕ್ಯಾಲೆಂಡರ್ ತೆರೆದೆ. ಗಿರಾಕಿಯೊಂದಿಗೆ ಮಾತನಾಡಿ, ಒಂದು ಬಾವಿ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವಿಗೆ ಪ್ರಯಾಣವನ್ನು ಹೊಂದಿಸಿದೆ. ಹೇಗೂ ಆಗಬೇಕಿದ್ದ ರಿಗ್ಗಿನ ಒಡಲಿನ ಪರೀಕ್ಷೆಯನ್ನೂ ನೆರೆಯ ದೇಶದಲ್ಲಿ ಆಗಲೇ ಮಾಡಿಸಿದೆ. ಎಲ್ಲ ಕಳೆದು ಕಂಪನಿಗೆ ಬಿದ್ದ ಹೆಚ್ಚಿನ ಹೊರೆ ಮೂರೂವರೆ ಲಕ್ಷ. ರಿಗ್ ಕಾಲೆತ್ತಿ, ಟಗ್ಗುಗಳ ಹಿಂದೆ ಕ್ಷಿತಿಜದತ್ತ ಸಾಗುವುದನ್ನು ದಡದಲ್ಲಿ ನಿಂತು ನೋಡಿದೆ. ಆ ಕರಾವಳಿಯಲ್ಲಿ ಒಂದು ರಿಗ್ ಕಾಗದದಲ್ಲಿ ಬರೆದ ದಿನವೇ ನಿಜವಾಗಿ ಹೊರಟದ್ದನ್ನು ನಾನು ಕಂಡದ್ದು ಅದೇ ಮೊದಲು, ಅದನ್ನು ಮಾಡಿಸಿದ್ದು ನಾನು. ಆ ಹೆಮ್ಮೆ ಈಗಲೂ ಇದೆ.

ಇನ್ನು ಹಡಗಿನ ಮೇಲಿನ ಪುಸ್ತಕ. ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು. ನೀಲಿ ರಟ್ಟಿನ, ಇನ್ನೂರು ಪುಟದ ದಪ್ಪ ಪುಸ್ತಕ. ಪ್ರತಿ ಹಾಳೆಗೂ ಕಾರ್ಬನ್ ಪ್ರತಿ. ಹಡಗು ಹತ್ತುವ ದಾರಿಯಾದ ಗ್ಯಾಂಗ್‌ವೇ ಬಾಯಲ್ಲೇ ಒಂದು ಎತ್ತರದ ಮೇಜು, ಅದರ ಮೇಲೆ ಪುಸ್ತಕ, ದಾರ ಕಟ್ಟಿದ ಪೆನ್ನು. ಹತ್ತಿದ ಅಧಿಕಾರಿಗಳು ಹೆಸರು, ಗುರುತಿನ ಸಂಖ್ಯೆ, ಬಂದ ಕೆಲಸ ಬರೆಯಲೇಬೇಕು. ಮೊದಲ ದಿನ ನಾನೂ ಹಡಗಿನ ಮೇಲಿದ್ದೆ. ಇಬ್ಬರಿಗೆ ಕೆಲಸವಿದ್ದ ಕಡೆ ಆರು ಜನ ಹತ್ತಿದರು. ಮುಂದಿದ್ದವರು ಬರೆದರು. ಹಿಂದಿನವನು ಪೆನ್ನು ಕೈಗೆ ತೆಗೆದುಕೊಂಡು, "ಬಂದ ಕೆಲಸ" ಎಂಬ ಅಂಕಣದ ಮೇಲೆ ಅದರ ತುದಿ ಊರಿ ನಿಂತ. ಶಾಯಿಯ ಚುಕ್ಕೆ ಹಾಳೆಯ ಮೇಲೆ ನಿಧಾನವಾಗಿ ದೊಡ್ಡದಾಗುತ್ತಿತ್ತು. ಕ್ಯಾಪ್ಟನ್ ತುಂಬ ಮರ್ಯಾದೆಯಿಂದ, "ತಾವು ಯಾವ ಕಾಗದ ನೋಡಬೇಕೆಂದು ಬರೆಯಿರಿ, ಈಗಲೇ ತರಿಸುತ್ತೇನೆ" ಎಂದರು. ಅವನು ಪೆನ್ನು ಇಟ್ಟು, ಫೋನ್ ಬಂದವನಂತೆ ಕಿವಿಗೆ ಹಿಡಿದು ಕೆಳಗಿಳಿದ. ಅವನ ಹಿಂದೆ ಇನ್ನು ಮೂವರು. ಆ ತಿಂಗಳ ಕೊನೆಗೆ ಹತ್ತುವವರ ಸಂಖ್ಯೆ ಆರರಿಂದ ಎರಡಕ್ಕೆ ಇಳಿದಿತ್ತು. ಬರೆದವರಲ್ಲಿ ಬಹಳ ಮಂದಿ ನ್ಯಾಯವಾಗಿ ಕೆಲಸ ಮಾಡುವವರು. ಅವರಿಗೂ ಈ ಪುಸ್ತಕದಿಂದ ನೆಮ್ಮದಿಯೇ ಆಯಿತು ಎಂದು ಒಬ್ಬ ಹಿರಿಯ ಅಧಿಕಾರಿ ನನ್ನ ಕೈ ಹಿಡಿದು ಹೇಳಿದರು.

ಸಿಗರೇಟು ಮಾತ್ರ ಕೊನೆಯವರೆಗೂ ಕಾಡಿತು. ಸೂಯೆಜ್ ಕಾಲುವೆಯನ್ನು ನಾವಿಕರು ಸಿಗರೇಟಿನ ಹೆಸರಿಟ್ಟು ಮಾರ್ಲ್‌ಬರೊ ಕಾಲುವೆ ಎಂದು ಕರೆಯುವುದು ಸುಮ್ಮನೆ ಅಲ್ಲ. ಹಡಗಿನಲ್ಲಿ ಸಿಗರೇಟು ಇದೆ ಎಂದರೆ ಕೇಳುವವರು ಇದ್ದೇ ಇರುತ್ತಾರೆ. ಹಡಗುಗಳಲ್ಲಿ ಅದನ್ನು ಇಡುವುದನ್ನೇ ನಿಲ್ಲಿಸಿದೆ. ಬಂದವರಿಗೆ ಚಹಾ, ಬಿಸ್ಕತ್ತು, ಬಿಸಿಲಿದ್ದರೆ ತಣ್ಣನೆಯ ನೀರು. ಸಿಬ್ಬಂದಿ ಗೊಣಗಿದರು, ಅವರಿಗೆ ತಿಂಗಳ ಭತ್ಯೆ ಹತ್ತು ಡಾಲರ್ ಏರಿಸಿ ಸಮಾಧಾನ ಮಾಡಿದೆ. ಹದಿನಾಲ್ಕನೆಯ ತಿಂಗಳು ಬದಲಿಗೆ ಬಂದ ಕ್ಯಾಪ್ಟನ್ ಒಬ್ಬರು ತಮ್ಮ ಸ್ವಂತ ಚೀಲದಿಂದ ಎರಡು ಪೆಟ್ಟಿಗೆ ಕೊಟ್ಟುಬಿಟ್ಟರು. ಅಲ್ಲಿಗೆ ನಮ್ಮ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಯಿತು.

ಹಣದ ಮಾತು. ಹೊಸ ಪದ್ಧತಿಯ ಮೊದಲ ವರ್ಷ ಕಾಯುವ ದಿನಗಳು, ಕೂಡಿಟ್ಟ ಸರಕಿನ ಬಡ್ಡಿ ಎಲ್ಲ ಸೇರಿ ಹಳೆಯ ಪದ್ಧತಿಗಿಂತ ಮೂರು ಲಕ್ಷ ಹೆಚ್ಚು ಖರ್ಚಾಯಿತು. ರಿಗ್ಗಿನ ಪ್ರಯಾಣದ್ದು ಬೇರೆ. ಎರಡನೆಯ ವರ್ಷ ಏಜೆಂಟನ ಬಿಲ್ಲು ಮೂರು ತಿಂಗಳಿಗೆ ಏಳರಿಂದ ಐದೂವರೆ ಲಕ್ಷಕ್ಕೆ ಇಳಿಯಿತು. ಮಾಮೂಲಿನ ಜೊತೆ, ಅದರ ನೆರಳಲ್ಲಿ ಏಜೆಂಟ್ ತಿನ್ನುತ್ತಿದ್ದದ್ದೂ ಹೋಯಿತು. 2014ರ ನಡುವಿನಿಂದ ತೈಲದ ಬೆಲೆ ಕುಸಿದಾಗ ಹಡಗಿನ ಬಾಡಿಗೆ ಎಂಟು ಸಾವಿರಕ್ಕೆ ಬಂತು, ಕಾಯುವುದೂ ಅಷ್ಟೇ ಅಗ್ಗವಾಯಿತು.

ಇದು ಕೆಳಹಂತದ ಲಂಚ. ಗುತ್ತಿಗೆ ಪಡೆಯಲು ಮೇಲೆ ನಡೆಯುವುದು ಬೇರೆ, ಅದಕ್ಕೆ ನನ್ನ ಪುಸ್ತಕ ಸಾಲದು. ಸಮುದ್ರ ತೈಲ ವಲಯದ ನೆದರ್ಲೆಂಡ್ಸ್ ಕಂಪನಿ ಎಸ್‌ಬಿಎಂ ಆಫ್‌ಶೋರ್ ಅಂಗೋಲಾ, ಬ್ರೆಜಿಲ್, ಈಕ್ವಟೋರಿಯಲ್ ಗಿನಿಯ ಏಜೆಂಟರಿಗೆ ಕೊಟ್ಟ ಕಮಿಷನ್ನುಗಳ ವಿಷಯದಲ್ಲಿ 2014ರಲ್ಲಿ ತನ್ನ ದೇಶದಲ್ಲೇ 24 ಕೋಟಿ ಡಾಲರ್ ತೆತ್ತಿತು. ಆದರೂ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ: ಅಲ್ಲೂ ನಡುವೆ ಏಜೆಂಟ್, ಅಲ್ಲೂ ಕೆಲಸಕ್ಕೆ ಮೀರಿದ ಹಣ. ಇದು ಆಫ್ರಿಕಾದ ರೋಗ ಎನ್ನುವವರಿಗೆ ಅಮೆರಿಕದ ರಿಗ್ ಕಂಪನಿ ಪ್ರೈಡ್ ಇಂಟರ್‌ನ್ಯಾಷನಲ್ ಪ್ರಕರಣ ನೆನಪಿಸುತ್ತೇನೆ. ರಿಗ್ಗಿನ ಸುಂಕದ ವ್ಯಾಜ್ಯ ಗೆಲ್ಲಲು ಅದರ ಅಂಗಸಂಸ್ಥೆಗಳು 2003ರಲ್ಲಿ ಐದು ಲಕ್ಷ ಡಾಲರ್ ಸಂದಾಯ ಮಾಡಿದ್ದು ನಮ್ಮ ಭಾರತದ ಸುಂಕ ನ್ಯಾಯಮಂಡಳಿಯ ಸದಸ್ಯರೊಬ್ಬರಿಗಾಗಿ.

ನಾನು ಈಗ ಮುಂಬೈಯ ನೆಲೆಯಲ್ಲಿದ್ದೇನೆ. ಇಲ್ಲಿ ಭ್ರಷ್ಟಾಚಾರ ತಡೆ ಕಾಯಿದೆಯ 2018ರ ತಿದ್ದುಪಡಿಯ ನಂತರ ಕೊಡುವವನೂ ಅಪರಾಧಿ. ಒತ್ತಾಯಕ್ಕೆ ಕೊಟ್ಟರೆ ಏಳು ದಿನದೊಳಗೆ ತಿಳಿಸಬೇಕು. ಆ ಏಳು ದಿನಕ್ಕೆ ಪುಸ್ತಕದ ಕಾರ್ಬನ್ ಪ್ರತಿಯಷ್ಟು ಉಪಯೋಗದ ವಸ್ತು ಬೇರೆ ಇಲ್ಲ. ಹೊಸ ಪುಸ್ತಕಗಳನ್ನು ಮಂಗಳೂರಿನ ಒಂದು ಮುದ್ರಣಾಲಯದಲ್ಲಿ ಮಾಡಿಸುತ್ತೇನೆ, ಒಂದಕ್ಕೆ ಮುನ್ನೂರ ಎಂಬತ್ತು ರೂಪಾಯಿ ಬೀಳುತ್ತದೆ. ಬೇಕಾದವರು ಅಂಕಣಗಳನ್ನು ಹೀಗೆ ಹಾಕಿಸಿಕೊಳ್ಳಿ: ಹತ್ತಿದ ಹೊತ್ತು, ಹೆಸರು, ಗುರುತಿನ ಸಂಖ್ಯೆ, ಇಲಾಖೆ, ಬಂದ ಕೆಲಸ, ನೋಡಿದ ಕಾಗದ, ಇಳಿದ ಹೊತ್ತು. ಎಂಟನೆಯದೊಂದಿದೆ, ಅದನ್ನು ನನ್ನ ಜೊತೆ ಕೆಲಸ ಮಾಡಿದವರಿಗೆ ಮಾತ್ರ ಹೇಳಿದ್ದೇನೆ.