ಬೋರ್ಡಿನಲ್ಲಿ ‘ಕಾರವಾರ ಮೀನೂಟ’, ತಟ್ಟೆಯಲ್ಲಿ ಏನು? ಕಂಡುಹಿಡಿಯುವುದು ಹೀಗೆ

ಗೋವಾ ಗಡಿಯ ಮಾಜಾಳಿಯಿಂದ ಭಟ್ಕಳದವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಮ್ಮೆ ಹೋಗಿ ನೋಡಿ. ‘ಕಾರವಾರ ಶೈಲಿ’, ‘ಅಪ್ಪಟ ಮನೆಯೂಟ’, ‘ಒರಿಜಿನಲ್ ಭಟ್ಕಳ ಬಿರಿಯಾನಿ’ ಎನ್ನುವ ಬೋರ್ಡುಗಳು ಸಾಲಾಗಿ ಸಿಗುತ್ತವೆ. ಗೋಕರ್ಣಕ್ಕೆ ಹೋದರೆ ಕಡಲೆಕಾಳು ರುಬ್ಬಿದ ಹಮ್ಮಸ್, ಘಟ್ಟ ಹತ್ತಿದರೆ ಶಿರಸಿಯ ಮಾವಿನಕಾಯಿ ಅಪ್ಪೆಹುಳಿ, ಮುಂಡಗೋಡಕ್ಕೆ ಬಂದರೆ ಟಿಬೆಟನ್ನರ ನೂಡಲ್ಸ್ ಸೂಪು ಥುಕ್ಪಾ. ಇವುಗಳಲ್ಲಿ ಯಾವುದು ಅಸಲಿ ಎಂದು ತಿಳಿಯಲು ನೀವು ಅದೇ ಊರಿನವರಾಗಿರಬೇಕಿಲ್ಲ. ಒಂದು ಮಾತ್ರ ನೆನಪಿರಲಿ: ಅಸಲಿತನ ಬೇರೆ, ಗುಣಮಟ್ಟ ಬೇರೆ. ಅಪ್ಪಟ ಕಾರವಾರದ ಮಸಾಲೆಯಲ್ಲಿ ಹಳೇ ಮೀನು ಬೇಯಿಸಿ ಕೊಡುವವರೂ ಇರುತ್ತಾರೆ. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

1. ‘ಇವತ್ತು ಏನು ಬಂದಿಲ್ಲ?’ ಎಂದು ಕೇಳಿ

ಮೆನು ಕಾರ್ಡ್ ಪಕ್ಕಕ್ಕಿಡಿ. ‘ಅಣ್ಣಾ, ಇವತ್ತು ಯಾವ ಮೀನು ಬಂದಿದೆ? ಯಾವುದು ಬಂದಿಲ್ಲ?’ ಎಂದು ಕೇಳಿ. ‘ಬಂಗಡೆ ಇದೆ, ತಾರ್ಲೆ ಇದೆ, ಇಸವಾಣ ಸಿಕ್ಕಿಲ್ಲ’ (ತಾರ್ಲೆ ಎಂದರೆ ಬೂತಾಯಿ, ಇಸವಾಣ ಎಂದರೆ ಅಂಜಲ್) ಎಂದು ಥಟ್ಟನೆ ಹೇಳಿದರೆ ಆರಾಮಾಗಿ ಕುಳಿತುಕೊಳ್ಳಿ. ಅಲ್ಲಿ ಬೆಳಿಗ್ಗೆ ಯಾರೋ ಮೀನು ಪೇಟೆಗೆ ಹೋಗಿ ಬಂದಿದ್ದಾರೆ. ‘ಎಲ್ಲಾ ಇದೆ ಸಾರ್’ ಎಂದರೆ ಮೀನು ಫ್ರೀಜರ್‌ನಲ್ಲಿದೆ ಎಂದೇ ಅರ್ಥ.

ಈ ಪ್ರಶ್ನೆಗೆ ಮಳೆಗಾಲದಲ್ಲಿ ಬೆಲೆ ಜಾಸ್ತಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕಡಲು ಶಾಂತವಾಗಿರುವ ದಿನ ನಾಡದೋಣಿಗಳು ತರುವ ಮೀನು, ಹೊಳೆ ಮತ್ತು ಅಳಿವೆಯ ಮೀನು, ಇಲ್ಲವೇ ಒಣಮೀನು, ಇಷ್ಟೇ ಊರಿನದು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜೂನ್ ಅರ್ಧ ಕಳೆದ ಮೇಲೆ ಆ ಕಡೆಯ ಮೀನು ಲಾರಿಯಲ್ಲಿ ಐಸ್ ಹಾಕಿಕೊಂಡು ಇಲ್ಲಿಗೆ ಬರಬಹುದು. ಅದನ್ನು ತಿನ್ನಬಾರದು ಅಂತಲ್ಲ. ಆದರೆ ಜುಲೈ ಮಳೆಯಲ್ಲಿ ದೊಡ್ಡ ಇಸವಾಣದ ತುಂಡು ತಂದಿಟ್ಟು ‘ಈಗಷ್ಟೇ ದೋಣಿಯಿಂದ ಇಳಿಸಿದ್ದು’ ಎಂದರೆ ಸುಮ್ನೆ ನಕ್ಕು ಬಂಗಡೆ ಹೇಳಿ. ಒಣಸಿಗಡಿ ಚಟ್ನಿ ಇಟ್ಟು ‘ಇವತ್ತು ಇಷ್ಟೇ’ ಎನ್ನುವ ಹೋಟೆಲೇ ನನಗೆ ಹೆಚ್ಚು ನಂಬಿಕಸ್ಥ.

2. ದುಬಾರಿ ಮೀನು ಬಿಟ್ಟು ಅಗ್ಗದ್ದನ್ನು ಹೇಳಿ

ಮೊದಲ ಸಲ ಹೋದಾಗ ಪಾಂಪ್ಲೆಟ್, ಇಸವಾಣ ಹೇಳಬೇಡಿ. ಬಂಗಡೆ ಸಾರು, ತಾರ್ಲೆ ಫ್ರೈ ಸಾಕು. ಇವು ಎಣ್ಣೆ ಜಾಸ್ತಿ ಇರುವ ಮೀನುಗಳು, ಬೇಗ ಕೆಡುತ್ತವೆ. ಹಳತಾಗಿದ್ದರೆ ಮಸಾಲೆಗೂ ಮುಚ್ಚಿಡಲು ಆಗುವುದಿಲ್ಲ. ಇಸವಾಣದ ತುಂಡಾದರೆ ಫ್ರೀಜರ್‌ನಲ್ಲಿ ಕೆಲವು ದಿನ ಕಳೆದಿದ್ದರೂ ರವೆಯ ಮರೆಯಲ್ಲಿ ದಾಟಿಬಿಡುತ್ತದೆ.

ತಾಜಾ ಮೀನಿನ ಮಾಂಸ ಬೆರಳಿಗೆ ಪದರ ಪದರವಾಗಿ ಬಿಡುತ್ತದೆ. ಹಿಟ್ಟಿನಂತೆ ಪುಡಿಯಾದರೆ, ಬಟ್ಟೆಯ ನಾರಿನಂತೆ ಒಣಗಿದ್ದರೆ ಮೀನು ಐಸಿನಲ್ಲಿ ಜಾಸ್ತಿ ದಿನ ಕಳೆದಿದೆ. ಮೀನನ್ನು ಬೇಯಿಸುವ ಮುಂಚೆ ತೋರಿಸುತ್ತಾರೆ ಎಂದರೆ ಇನ್ನೂ ಸುಲಭ: ಕಣ್ಣು ಉಬ್ಬಿ ಹೊಳೆಯಬೇಕು, ಕಿವಿರು ಕೆಂಪಗಿರಬೇಕು, ಒತ್ತಿದ ಜಾಗ ಮೇಲೆ ಬರಬೇಕು.

3. ಸಾರಿನಲ್ಲಿ ತಿರ್ಫಳ ಹುಡುಕಿ

ಕಾರವಾರದ ಕಡೆಯ ಮೀನುಸಾರಿಗೆ ಹಸಿ ತೆಂಗಿನಕಾಯಿಯೇ ಜೀವ. ಅದರ ಜೊತೆ ಒಣಮೆಣಸು, ಕೊತ್ತಂಬರಿ, ಅರಿಶಿನ ಹಾಕಿ ನುಣ್ಣಗೆ ರುಬ್ಬಬೇಕು. ಹುಳಿಗೆ ಮುರುಗಲು (ಕೋಕಂ) ಅಥವಾ ಹುಣಸೆ, ಕಾಲ ಕೂಡಿ ಬಂದರೆ ಅಂಬಟೆ ಅಥವಾ ಬಿಂಬಲ. ಗರಂ ಮಸಾಲೆಯ ಘಮ, ಹುರಿದ ಈರುಳ್ಳಿ-ಟೊಮೆಟೊ ಗ್ರೇವಿ ಎರಡೂ ಬಂದರೆ ಅದು ಬೇರೆ ಊರಿನ ಸಾರು. ರುಚಿಯಾಗಿರಬಹುದು, ಕಾರವಾರದ್ದಂತೂ ಅಲ್ಲ.

ಬಂಗಡೆ, ತಾರ್ಲೆ ಸಾರಿಗೆ ಇಲ್ಲಿ ತಿರ್ಫಳ ಹಾಕುತ್ತಾರೆ, ಅಂದರೆ ಜುಮ್ಮನಕಾಯಿ. ನಾಲಿಗೆ ಜುಮ್ಮೆನ್ನುತ್ತದೆ, ಮೀನಿನ ವಾಸನೆ ತಗ್ಗುತ್ತದೆ. ಸಾರಿನಲ್ಲಿ ಒಂದೆರಡು ಒಡೆದ ಕಾಯಿ ಕೈಗೆ ಸಿಕ್ಕರೆ ಅಡುಗೆಯವರಿಗೆ ಕೆಲಸ ಗೊತ್ತಿದೆ ಎಂದು ತಿಳಿಯಿರಿ.

ಇಲ್ಲೊಂದು ಎಚ್ಚರಿಕೆ ಬೇಕು. ಸಾರು ನಾಲಿಗೆ ಜುಮ್ಮೆನಿಸಿದರೆ ಸರಿ. ತಿರ್ಫಳವೇ ಇಲ್ಲದ ಬಂಗಡೆ ಫ್ರೈ ನಾಲಿಗೆ ಚುಚ್ಚಿದರೆ, ಕರಿಮೆಣಸಿನಂತೆ ಉರಿದರೆ ತಕ್ಷಣ ಬಿಟ್ಟುಬಿಡಿ. ಐಸ್ ಇಲ್ಲದೆ ಬಿಸಿಲಲ್ಲಿ ಉಳಿದ ಬಂಗಡೆಯಲ್ಲಿ ಹಿಸ್ಟಮಿನ್ ಎಂಬ ವಸ್ತು ಸೇರಿಕೊಳ್ಳುತ್ತದೆ. ಎಷ್ಟು ಹುರಿದರೂ ಅದು ಹೋಗುವುದಿಲ್ಲ. ಮುಖ ಕೆಂಪಾಗುವುದು, ತುರಿಕೆ, ತಲೆನೋವು, ವಾಂತಿ ಎಲ್ಲ ಇದರಿಂದಲೇ. ಸುಮಾರು ಜನ ಇದನ್ನು ‘ಮೀನು ನನಗೆ ಆಗಿಬರುವುದಿಲ್ಲ’ ಎಂದುಕೊಂಡು ಸುಮ್ಮನಾಗುತ್ತಾರೆ.

4. ಫ್ರೈ ಬಣ್ಣ, ಕಡಿ ಬಣ್ಣ

ರವಾ ಫ್ರೈ ಅಂದರೆ ಕಾವಲಿಯ ಮೇಲೆ ಹುರಿದದ್ದು, ಹೊಂಬಣ್ಣ. ಸಿಗ್ನಲ್ ದೀಪದಷ್ಟು ಕೆಂಪಗಿದ್ದರೆ ಬಣ್ಣದ ಪುಡಿ ಬಿದ್ದಿದೆ. ಕಬಾಬ್‌ಗಳಿಗೆ, ಮೀನಿನ ಕಬಾಬ್‌ಗೂ ಸೇರಿ, ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ 2024ರ ಜೂನ್‌ನಲ್ಲೇ ನಿಷೇಧಿಸಿದೆ. ರವೆಯ ತುಂಬ ಕಪ್ಪು ಚುಕ್ಕೆ ಕಂಡರೆ ಎಣ್ಣೆ ಹಳೇದು.

ಊಟದ ಕೊನೆಯ ಸೋಲ್ ಕಡಿಗೂ ಇದೇ ಮಾತು. ಮುರುಗಲು ಮತ್ತು ಕಾಯಿಹಾಲಿನದ್ದು ತಿಳಿ ಗುಲಾಬಿ, ಸ್ವಲ್ಪ ಹೊತ್ತು ಬಿಟ್ಟರೆ ಕಾಯಿಹಾಲು ಮೇಲೆ ಬರುತ್ತದೆ. ಗಂಟೆಗಟ್ಟಲೆ ಒಂದೇ ಸಮ ಗಾಢ ಗುಲಾಬಿಯಾಗಿ ನಿಂತಿದ್ದರೆ ಕುಡಿಯುವ ಮುಂಚೆ ಒಮ್ಮೆ ಯೋಚಿಸಿ. ಅಳಿವೆಯ ಚಿಪ್ಪುಮೀನುಗಳಾದ ಬಳಚು, ತಿಸ್ರೆಯ ಸುಕ್ಕಾ ಸಿಕ್ಕರೆ ಬಿಡಬೇಡಿ. ಹಲ್ಲಿಗೆ ಮರಳು ಸಿಕ್ಕರೆ ಮಾತ್ರ ತೊಳೆಯುವುದರಲ್ಲಿ ಸೋಮಾರಿತನ ಮಾಡಿದ್ದಾರೆ. ಬೆಂದ ಮೇಲೂ ಬಾಯಿ ಬಿಡದ ಚಿಪ್ಪನ್ನು ಪಕ್ಕಕ್ಕಿಡಿ.

5. ಮೆನು ಉದ್ದ ಇದೆ ಎಂದು ಎದ್ದು ಹೋಗಬೇಡಿ

ಪನೀರ್, ಬಟರ್ ಚಿಕನ್ ಇದ್ದರೆ ಹೋಟೆಲು ನಕಲಿ ಎಂದು ಕೆಲವರು ತೀರ್ಮಾನಿಸಿಬಿಡುತ್ತಾರೆ. ಕಾರವಾರದ ಮಟ್ಟಿಗೆ ಇದು ಸರಿಯಲ್ಲ. ನೌಕಾನೆಲೆಯ ಊರು ಇದು, ದೇಶದ ಎಲ್ಲ ಕಡೆಯವರೂ ಊಟಕ್ಕೆ ಬರುತ್ತಾರೆ, ಅವರಿಗೆ ಬೇಕಾದದ್ದನ್ನೂ ಮಾಡಲೇಬೇಕು. ಬದಲಿಗೆ ಮಧ್ಯಾಹ್ನ ಪಕ್ಕದ ಟೇಬಲ್ ನೋಡಿ. ಊರಿನ ಆಫೀಸಿನವರು ಕುಚ್ಚಲಕ್ಕಿ ಅನ್ನಕ್ಕೆ ಸಾರು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರೆ ಅಷ್ಟು ಸಾಕು. ಆನ್‌ಲೈನ್ ಸ್ಟಾರ್‌ಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಪ್ರವಾಸಿಗರು ಸಮುದ್ರ ಕಾಣುವ ಕಿಟಕಿಗೂ ಸ್ಟಾರ್ ಕೊಡುತ್ತಾರೆ, ಅಲ್ವಾ?

6. ಬೇರೆ ಅಡುಗೆಗಳಿಗೂ ಇದೇ ದಾರಿ

ಯಾವ ಜನರ ಅಡುಗೆಯೋ ಆ ಜನ ದಿನಾ ತಿನ್ನುವ, ಅಗ್ಗದ ಒಂದು ತಿನಿಸು ಹೇಳಿ ನೋಡುವುದು. ಮುಂಡಗೋಡದ ಟಿಬೆಟನ್ ನೆಲೆ ಶುರುವಾದದ್ದು 1966ರಲ್ಲಿ. ಅಲ್ಲಿನ ಹೋಟೆಲಿನಲ್ಲಿ ಷೆಜ್ವಾನ್ ನೂಡಲ್ಸ್ ಬೇಡ, ಥೆಂತುಕ್ ಹೇಳಿ. ಹಿಟ್ಟನ್ನು ಕೈಯಲ್ಲೇ ಎಳೆದು ಕಿತ್ತು ಸೂಪಿಗೆ ಹಾಕಿದ್ದರೆ ತುಂಡುಗಳು ಒಂದರಂತೆ ಒಂದು ಇರುವುದಿಲ್ಲ. ಎಲ್ಲ ಒಂದೇ ಅಳತೆಯಲ್ಲಿದ್ದರೆ ಪ್ಯಾಕೆಟ್ಟಿನದು. ಪಕ್ಕದಲ್ಲಿ ಭಿಕ್ಷುಗಳು ಊಟ ಮಾಡುತ್ತಿದ್ದರೆ ಒಳ್ಳೆಯ ಲಕ್ಷಣ.

ಭಟ್ಕಳದ ನವಾಯತ ಮುಸ್ಲಿಮರ ಬಿರಿಯಾನಿಯಲ್ಲಿ ಈರುಳ್ಳಿ ಧಾರಾಳ. ಮಸಾಲೆ ಕೆಳಗೆ, ಅನ್ನ ಮೇಲೆ, ಬೇರೆ ಬೇರೆ. ಅಗುಳೆಲ್ಲ ಮಸಾಲೆಯಲ್ಲಿ ಕಲಸಿ ಒಂದೇ ಬಣ್ಣವಾಗಿದ್ದರೆ ಹೆಸರು ಮಾತ್ರ ಭಟ್ಕಳದ್ದು. ಅಕ್ಕಿಯ ಬದಲು ಶಾವಿಗೆ ಹಾಕಿದ ಬಿರಿಯಾನಿ ಇದೆಯಾ ಎಂದು ಕೇಳಿ. ಪ್ರಶ್ನೆ ಕೇಳಿ ಮುಖ ಅರಳಿದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ.

ಶಿರಸಿಯ ಹವ್ಯಕರ ಊಟಕ್ಕೆ ತಂಬುಳಿಯೇ ಪರೀಕ್ಷೆ. ಮಜ್ಜಿಗೆಯ ಅಡುಗೆ ಅದು, ಬಿಸಿಯಾಗಿ ಬಂದರೆ ಎಡವಟ್ಟಾಗಿದೆ. ಗೋಕರ್ಣದ ಹಮ್ಮಸ್‌ನಲ್ಲಿ ಎಳ್ಳಿನ ರುಚಿ ಬರಬೇಕು. ಬರದಿದ್ದರೆ ನೀವು ತಿಂದದ್ದು ಕಡಲೆಕಾಳಿನ ಚಟ್ನಿ.

7. ಆರ್ಡರ್ ಕೊಡುವ ಮುಂಚೆ

ಗಲ್ಲಾ ಹತ್ತಿರ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಕಾಣುವಂತಿರಬೇಕು, ಅದು ಕಾನೂನು. ಕೈ ತೊಳೆಯುವ ಜಾಗ, ಸಾಧ್ಯವಾದರೆ ಹಿಂಬಾಗಿಲು ನೋಡಿ. ಮೀನಿನ ವಾಸನೆ ಬಂದರೆ ಪರವಾಗಿಲ್ಲ, ಅಮೋನಿಯದಂತೆ ಮೂಗಿಗೆ ಹೊಡೆಯಬಾರದು. ಆಮೇಲೆ ದರ. ಇಸವಾಣ, ಪಾಂಪ್ಲೆಟ್‌ಗೆ ಮೆನುವಿನಲ್ಲಿ ಹಲವು ಕಡೆ ದರವೇ ಇರುವುದಿಲ್ಲ, ಅಂದಂದಿನ ಪೇಟೆ ನೋಡಿ ಹೇಳುತ್ತಾರೆ. ಅದರಲ್ಲಿ ಮೋಸವೇನೂ ಇಲ್ಲ. ಆದರೆ ತುಂಡಿಗೆ ಎಷ್ಟು, ತುಂಡು ಎಷ್ಟು ದೊಡ್ಡದು, ಇಡೀ ಮೀನಾದರೆ ತೂಕ ಎಷ್ಟು ಎಂದು ಕಾವಲಿಗೆ ಹಾಕುವ ಮುಂಚೆಯೇ ಕೇಳಿಬಿಡಿ.