ರೀಸ್ಟಾರ್ಟ್ ಆದರೆ ಬಲಗೈಗೆ ತಿರುಗುತ್ತಿದ್ದ ನನ್ನ ಮೌಸ್

ನಾನು ಎಡಚ. ಗುಂಡಿಗಳನ್ನು ಅದಲುಬದಲು ಮಾಡಿ, ವೇಗದ ಸ್ಲೈಡರನ್ನು ನಾಲ್ಕನೇ ಗೆರೆಗೆ ಇಳಿಸಿ (ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ರಿಜಿಸ್ಟ್ರಿಯಲ್ಲಿ ಅದು 6), 'ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಶನ್' (ಕೈಯ ವೇಗಕ್ಕೆ ತಕ್ಕಂತೆ ಬಾಣದ ಓಟ ಹಿಗ್ಗಿಸುವ ಆಯ್ಕೆ) ಟಿಕ್ ತೆಗೆದರೆ ಮಾತ್ರ ನನ್ನ ಕೈಗೆ ಹದ. ವಿಂಡೋಸ್ 10ರ ಲ್ಯಾಪ್‌ಟಾಪಿನಲ್ಲಿ ಆರೇಳು ತಿಂಗಳು ಈ ಮೂರೂ ನಿಲ್ಲಲಿಲ್ಲ. ರೀಸ್ಟಾರ್ಟ್ ಆದರೆ ಸಾಕು, ಫೈಲ್ ಆರಿಸಲು ಒತ್ತಿದರೆ ಮೆನು ಬಿಚ್ಚಿಕೊಳ್ಳುತ್ತಿತ್ತು, ಬಾಣ ಪರದೆಯ ಆಚೆಗೆ ಓಡುತ್ತಿತ್ತು.

ಕೇಳಿದವರೆಲ್ಲ ಎರಡೇ ಮಾತು ಹೇಳಿದರು: ಮೌಸ್ ಕೆಟ್ಟಿದೆ, ಇಲ್ಲವೇ ವಿಂಡೋಸ್ ಮತ್ತೆ ಹಾಕು. ಎರಡನ್ನೂ ದುಡ್ಡು ಕೊಟ್ಟು ಮಾಡಿದೆ. ಹಳೆಯದರ ಸುಮಾರು ಎರಡೂವರೆ ಪಟ್ಟು ಬೆಲೆಗೆ ಅದೇ ಕಂಪನಿಯ ಇನ್ನೊಂದು ಮೌಸ್ ತಂದೆ. ಆಮೇಲೆ ರಿಪೇರಿಯವನಿಂದ ವಿಂಡೋಸ್ ಹೊಸದಾಗಿ ಹಾಕಿಸಿದೆ, ಅವನ ಕೂಲಿ ಹೆಚ್ಚುಕಡಿಮೆ ಮೊದಲ ಮೌಸಿನ ಬೆಲೆಯಷ್ಟಾಯಿತು. ಎರಡು ದಿನ ಎಲ್ಲ ಸರಿ. ಮೂರನೇ ದಿನ, ಪಕ್ಕದ ಗುಂಡಿಗಳು ಕೆಲಸ ಮಾಡಲೆಂದು ಮೌಸಿನ ಜೊತೆ ಬಂದ ತಂತ್ರಾಂಶ ಹಾಕಿಕೊಂಡೆ. ನಾಲ್ಕನೇ ದಿನ ಅದೇ ರಾಗ, ಅದೇ ಹಾಡು. ಕಳ್ಳ ಕಣ್ಣೆದುರೇ ಕೂತಿದ್ದ, ನನಗೆ ಹೊಳೆಯಲಿಲ್ಲ.

ಬೆಪ್ಪುತನದ ಪಟ್ಟಿ ಇನ್ನೂ ಇದೆ. ಆರಿಸಿದ ಯಂತ್ರ ಬೇಗ ಏಳಲೆಂದಿರುವ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದೆ. ರೀಸ್ಟಾರ್ಟ್ ಮಾಡುವಾಗ ಅದು ಬಳಕೆಗೇ ಬರುವುದಿಲ್ಲ ಎಂಬುದು ಗೊತ್ತಿದ್ದೂ ಮಾಡಿದೆ. ಫಲ ಸೊನ್ನೆ, ಬೂಟ್ ಮಾತ್ರ ನಿಧಾನವಾಯಿತು. ಸೆಟ್ಟಿಂಗ್ಸ್ ಸಿಂಕ್ ನಿಲ್ಲಿಸಿದೆ, ಬೇರೆ ಯಂತ್ರದಿಂದ ಹಳೇ ಮೌಲ್ಯಗಳು ಇಳಿದು ಬರುತ್ತಿರಬಹುದೆಂಬ ಗುಮಾನಿಯಿಂದ. ಅದೂ ಅಲ್ಲ. ಕೊನೆಗೆ ಸಿಟ್ಟಿನಲ್ಲಿ ರಿಜಿಸ್ಟ್ರಿಯ 'ಕಂಟ್ರೋಲ್ ಪ್ಯಾನೆಲ್\ಮೌಸ್' ಕೀಲಿಗೆ ಬರೆಯುವ ಅನುಮತಿಯನ್ನೇ ತೆಗೆದೆ. ಕಳ್ಳನಿಗೆ ಏನೂ ಆಗಲಿಲ್ಲ, ನಾನೇ ಸ್ಲೈಡರ್ ಎಳೆದರೂ ಉಳಿಯದಂತಾಯಿತು!

ಅಲ್ಲೇ ಸುಳಿವು ಸಿಕ್ಕಿತು. ಬಾಣ ಓಡುತ್ತಿರುವಾಗಲೇ ರಿಜಿಸ್ಟ್ರಿ ತೆರೆದು ನೋಡಿದರೆ ಮೌಸ್‌ಸೆನ್ಸಿಟಿವಿಟಿ, ಅಂದರೆ ಉಳಿಸಿಟ್ಟ ವೇಗ, ಅಚ್ಚುಕಟ್ಟಾಗಿ 6ರಲ್ಲೇ ಕೂತಿದೆ. ಅಂದರೆ ಉಳಿಸಿದ್ದು ಅಳಿಸಿಹೋಗುತ್ತಿರಲಿಲ್ಲ. ಲಾಗಿನ್ ಆದಮೇಲೆ ಯಾರೋ ಚಾಲ್ತಿಯಲ್ಲಿರುವ ಮೌಲ್ಯವನ್ನು ಮಾತ್ರ ಬದಲಿಸುತ್ತಿದ್ದರು, ರಿಜಿಸ್ಟ್ರಿಗೆ ಬರೆಯದೆ. ಸಿಸ್ಟಮ್‌ಪ್ಯಾರಾಮೀಟರ್ಸ್‌ಇನ್ಫೋ (ತಂತ್ರಾಂಶಗಳು ಇಂಥ ಸೆಟ್ಟಿಂಗ್ಸ್ ಓದಲು, ಬದಲಿಸಲು ವಿಂಡೋಸಿಗೆ ಕೊಡುವ ಕರೆ) ಕರೆಯುವಾಗ ಉಳಿಸುವ ಫ್ಲ್ಯಾಗ್ ಕೊಡದಿದ್ದರೆ ಹೀಗೇ ಆಗುವುದು.

ಪವರ್‌ಶೆಲ್‌ನಲ್ಲಿ (ವಿಂಡೋಸಿನದೇ ಸ್ಕ್ರಿಪ್ಟ್ ಸಾಧನ) ಹತ್ತು ಹನ್ನೆರಡು ಸಾಲು ಬರೆದು, ಲಾಗಿನ್‌ನಿಂದ ಸೆಕೆಂಡಿಗೊಮ್ಮೆ ಚಾಲ್ತಿಯ ವೇಗವನ್ನು (ಅದೇ ಕರೆಯಲ್ಲಿ ಸಂಖ್ಯೆ 112) ಫೈಲಿಗೆ ಬರೆಸಿದೆ. ಸುಮಾರು ಇಪ್ಪತ್ತನೇ ಸೆಕೆಂಡಿನವರೆಗೆ 6, ಆಮೇಲೆ ಇದ್ದಕ್ಕಿದ್ದಂತೆ 10. ಜೊತೆಗೆ ಯಾವ ತಂತ್ರಾಂಶ ಯಾವಾಗ ಏನು ಮಾಡಿತೆಂದು ದಾಖಲಿಸುವ ಪ್ರೋಸೆಸ್ ಮಾನಿಟರಿನ ಬೂಟ್ ಲಾಗಿಂಗ್ ಹಾಕಿ ಸಮಯ ತಾಳೆ ನೋಡಿದೆ. ಲಕ್ಷಗಟ್ಟಲೆ ಸಾಲುಗಳಲ್ಲಿ, ವೇಗ ಹಾರುವುದಕ್ಕೆ ಎರಡು ಮೂರು ಸೆಕೆಂಡು ಮುಂಚೆ ಎದ್ದದ್ದು ಅದೇ ಮೌಸ್ ತಂತ್ರಾಂಶ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ಅದನ್ನು ಡಿಸೇಬಲ್ ಮಾಡಿ ರೀಸ್ಟಾರ್ಟ್ ಮಾಡಿದರೆ 6 ಅಲುಗಲಿಲ್ಲ. ಆವತ್ತು ಒಬ್ಬನೇ ಕೂತು ನಕ್ಕೆ.

ಆದರೆ ಪಕ್ಕದ ಗುಂಡಿಗಳಿಲ್ಲದೆ ನನಗೆ ನಡೆಯದು. ತಂತ್ರಾಂಶದ ಒಳಗೇ ಹೊಂದಿಸಿ ನೋಡಿದೆ, ಅದು ತನ್ನ ಪ್ರೊಫೈಲನ್ನೇ ಮರೆಯುತ್ತದೆ. ಸರಿ, ಅದು ಇರಲಿ, ಕೊನೆಯ ಮಾತು ನನ್ನದಾಗಲಿ ಎಂದು ಹೇಳಿದ ಹೊತ್ತಿಗೆ ಕಾರ್ಯ ಓಡಿಸುವ ಟಾಸ್ಕ್ ಶೆಡ್ಯೂಲರಿಗೆ ಇಳಿದೆ. ಲಾಗಿನ್ ಟ್ರಿಗರ್, 45 ಸೆಕೆಂಡು ಡಿಲೇ. ಸ್ಕ್ರಿಪ್ಟಿನಲ್ಲಿ ಮೂರು ಕರೆ: ಆ ಟಿಕ್ ತೆಗೆಯಲು ಸಂಖ್ಯೆ 4ಕ್ಕೆ ಮೂರು ಸೊನ್ನೆಗಳ ಅರೇ (ಸಾಲು), ಗುಂಡಿಗಳಿಗೆ 33, ವೇಗಕ್ಕೆ 113. ಕೊನೆಯ ಪ್ಯಾರಾಮೀಟರ್ 3, ಉಳಿಸುವುದಕ್ಕೂ, ಬದಲಾವಣೆಯನ್ನು ಉಳಿದ ತಂತ್ರಾಂಶಗಳಿಗೆ ಸಾರುವುದಕ್ಕೂ. ಈ 113 ನನ್ನ ಎರಡು ಸಂಜೆ ತಿಂದಿತು. ಓದುವಾಗ 112ಕ್ಕೆ ಉತ್ತರ ಬರೆಯಬೇಕಾದ ಮೆಮೊರಿ ಜಾಗದ ವಿಳಾಸ ಕೊಡಬೇಕು, ಆದರೆ 113ಕ್ಕೆ ವಿಳಾಸದ ಜಾಗದಲ್ಲಿ 6 ಎಂಬ ಸಂಖ್ಯೆಯನ್ನೇ ನೇರ ಇಡಬೇಕು. ನಾನು 6 ಇರುವ ಜಾಗದ ವಿಳಾಸ ಕೊಡುತ್ತಾ ಕೂತಿದ್ದೆ.

ಮನೆಯಲ್ಲಿ ಓಡಿತು, ಹೊರಗೆ ಓಡಲಿಲ್ಲ. ಕಾರಣ ಸಣ್ಣದು: ಟಾಸ್ಕಿನ ಕಂಡಿಷನ್ಸ್‌ನಲ್ಲಿ 'ಕರೆಂಟಿಗೆ ಸಿಕ್ಕಿಸಿದ್ದರೆ ಮಾತ್ರ' ಎಂಬ ಟಿಕ್ ಮೊದಲೇ ಇರುತ್ತದೆ, ಬ್ಯಾಟರಿಯಲ್ಲಿ ಕಾರ್ಯ ಶುರುವಾಗುವುದೇ ಇಲ್ಲ. ನಿದ್ದೆಯಿಂದ ಎದ್ದಾಗಲೂ ಆ ತಂತ್ರಾಂಶ ಕೈಯಾಡಿಸುತ್ತದೆ, ಹಾಗಾಗಿ ಅನ್‌ಲಾಕ್ ಟ್ರಿಗರನ್ನೂ ಸೇರಿಸಿದೆ. ಸ್ಕ್ರಿಪ್ಟ್ ಓಡುವಾಗ ಕಿಟಕಿಯೊಂದು ಮಿಂಚಿ ಮರೆಯಾಗುತ್ತಿತ್ತು. ಹಿಡನ್ ಎಂದು ಕೊಟ್ಟರೂ ಪೂರ್ತಿ ಹೋಗಲಿಲ್ಲ. ಈಗ ಹೋಗಿದೆ, ಹೇಗೆಂದು ಇಲ್ಲಿ ಬಿಚ್ಚಿಡುವುದಿಲ್ಲ.

ನಡುವೆ ಲಿನಕ್ಸ್ ಪೆನ್‌ಡ್ರೈವ್‌ನಲ್ಲೂ ಮೌಸನ್ನು ಪರೀಕ್ಷಿಸಿದೆ. ಡಿಪಿಐ (ಮೌಸಿನ ಸೂಕ್ಷ್ಮತೆ) ಮೌಸಿನೊಳಗೇ ಉಳಿದಿತ್ತು, ಅಂದರೆ ಮೌಸ್ ಗಟ್ಟಿ. ಅಲ್ಲಿ ಎಕ್ಸ್‌ಇನ್‌ಪುಟ್‌ನಲ್ಲಿ (ಮೌಸ್ ಹೊಂದಿಸುವ ಕಮಾಂಡ್) ಕೊಟ್ಟ ಮೌಲ್ಯಗಳು ಮೌಸ್ ಕಿತ್ತು ಸಿಕ್ಕಿಸಿದರೂ ಹೋಗುತ್ತವೆ, ಅದು ಬೇರೆಯದೇ ತಲೆನೋವು.

ನಾಲ್ಕು ತಿಂಗಳಾಯಿತು. ಒಂದೇ ಸಲ ತಪ್ಪಿದ್ದು: ಆ ತಂತ್ರಾಂಶ ಅಪ್‌ಡೇಟ್ ಆಗಿ ಏಳುವುದು ತಡವಾಯಿತು. ಡಿಲೇ 60ಕ್ಕೆ ಏರಿಸಿದೆ. ಹೊಸ ಮೌಸ್ ಡಬ್ಬಿಗೆ ಮರಳಿದೆ. ವಿಂಡೋಸ್ ಮತ್ತೆ ಹಾಕು ಅಂದಿದ್ದ ಗೆಳೆಯ ಹೋದ ವಾರ ಸ್ಕ್ರಿಪ್ಟ್ ಕೇಳಿದ. ಕೊಟ್ಟೆ, ಮಿಂಚುವ ಕಿಟಕಿಯ ಸಮೇತ.