ಕುದುರೆ ಕೊಳ್ಳುವ ಮುಂಚೆ ಟ್ರೈನರ್ ಯಾರು ಅಂತ ಯೋಚಿಸಿ

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮೊದಲ ಸಲ ರೇಸ್ ಕುದುರೆ ಕೊಳ್ಳುವವರಿಗೆ ಈ ಮಾತು. ಕುದುರೆಯನ್ನು ಓಟಕ್ಕೆ ತಯಾರು ಮಾಡುವ ಟ್ರೈನರ್ ಆರಿಸುವಾಗ ಗೆಲುವಿನ ಪಟ್ಟಿಯಲ್ಲಿ ಮೇಲಿರುವ ಹೆಸರನ್ನೇ ಸುಮ್ನೆ ಹಿಡಿಯಬೇಡಿ. ಕೈಯಲ್ಲಿ ಕುದುರೆ ಜಾಸ್ತಿ ಇದ್ದವರಿಗೆ ಗೆಲುವೂ ಜಾಸ್ತಿ ಸಿಗುತ್ತದೆ, ಅಲ್ವಾ? ಎಷ್ಟು ಓಟಕ್ಕೆ ಎಷ್ಟು ಗೆಲುವು ಅಂತ ಲೆಕ್ಕ ಹಾಕಿ. 1,200 ಮೀಟರ್ ಓಟದಲ್ಲಿ ಗೆಲ್ಲಿಸುವವರು 2,400 ಮೀಟರ್‌ಗೂ ಅಷ್ಟೇ ಚೆನ್ನಾಗಿ ತಯಾರು ಮಾಡುತ್ತಾರೆ ಅಂತೇನಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಟ್ರೈನರ್‌ಗೆ ಇರುವ ತಾಳ್ಮೆ. ಎರಡು ವರ್ಷದ ಕುದುರೆಯ ಮೂಳೆ ಇನ್ನೂ ಬಲಿಯುತ್ತಿರುತ್ತದೆ. ಆಗ ಅವಸರದಲ್ಲಿ ಜೋರಾಗಿ ಓಡಿಸಿದರೆ ಮುಂಗಾಲಿನ ಮೂಳೆ ನೋವು ಶುರುವಾಗುತ್ತದೆ. ಆ ಟ್ರೈನರ್ ಬಳಿಯ ಎಳೆಯ ಕುದುರೆಗಳು ನಾಲ್ಕೈದು ವರ್ಷ ವಯಸ್ಸಾದಾಗಲೂ ಓಡುತ್ತಿವೆಯಾ? ಹಳೆಯ ರೇಸ್ ಕಾರ್ಡ್‌ಗಳಲ್ಲೇ (ಆಯಾ ದಿನ ಓಡುವ ಕುದುರೆಗಳ ಪಟ್ಟಿ) ಗೊತ್ತಾಗುತ್ತದೆ.

ಅನುಮತಿ ಕೇಳಿ ಒಂದು ಬೆಳಿಗ್ಗೆ ಅವರ ಲಾಯಕ್ಕೆ ಹೋಗಿ. ಹಾಸಿದ ಹುಲ್ಲು ಒಣಗಿದೆಯಾ, ಗೊರಸು ಚೊಕ್ಕಟವಾಗಿದೆಯಾ, ಕುದುರೆ ನೋಡಿಕೊಳ್ಳುವ ಸೈಸ್‌ಗಳು ಪದೇ ಪದೇ ಬದಲಾಗುತ್ತಾರಾ ನೋಡಿ. ದಿನವಿಡೀ ಕುದುರೆ ಜೊತೆ ಇರುವವರು ಅವರೇ.

ತಿಂಗಳ ಫೀಸಿನಲ್ಲಿ ಲಾಳ, ಡಾಕ್ಟರ್, ಔಷಧಿ ಸೇರಿದೆಯಾ, ಬಹುಮಾನದಲ್ಲಿ ಅವರ ಪಾಲೆಷ್ಟು ಎಂದು ಮೊದಲೇ ಬರೆಸಿಕೊಳ್ಳಿ. ಕುದುರೆ ಕುಂಟಿದರೆ ಅದೇ ದಿನ ಫೋನ್ ಮಾಡುತ್ತಾರಾ ಅಂತ ಅವರ ಬಳಿ ಈಗ ಕುದುರೆ ಬಿಟ್ಟಿರುವ ಮಾಲೀಕರನ್ನೇ ಕೇಳಿ.